ಕಟ್ಟುವವನ ಹೊಣೆ, ಕಟ್ಟಿಸುವವನ ಒಪ್ಪಿಗೆ: ಹೊಸ ಮನೆಯ ದೋಷಗಳನ್ನು ಕುರಿತ ಒಂದು ವಿವೇಚನೆ

ಕಟ್ಟಡದ ದೋಷಕ್ಕೆ ಹೊಣೆ ಯಾರು ಎಂಬ ಪ್ರಶ್ನೆ ಬಂದಾಗ ಚರಿತ್ರೆಯ ಪಠ್ಯಪುಸ್ತಕಗಳು ಬಾಬಿಲೋನಿಯದ ಅರಸನಾದ ಹಮ್ಮುರಾಬಿಯ ಒಂದು ಕಟ್ಟಳೆಯನ್ನು ತಪ್ಪದೆ ಉದಾಹರಿಸುತ್ತವೆ. ಮನೆ ಕುಸಿದು ಯಜಮಾನನು ಸತ್ತರೆ ಕಟ್ಟಿದವನಿಗೂ ಮರಣವೇ ದಂಡನೆ ಎಂಬ ಆ ಕಟ್ಟಳೆ ವಿದ್ಯಾರ್ಥಿಗಳ ನೆನಪಿನಲ್ಲಿ ಬೇಗನೆ ನಿಲ್ಲುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿಯೂ ಅಷ್ಟೇ ಬೇಗನೆ ಕಾಣಿಸಿಕೊಳ್ಳುತ್ತದೆ. ಆದರೆ ಮನೆಯನ್ನು ಕಟ್ಟಿಸುತ್ತಿರುವವನಿಗೆ ಅದರಿಂದಾಗುವ ಪ್ರಯೋಜನ ಅತ್ಯಲ್ಪ. ಅವನ ಪ್ರಶ್ನೆ ಅದಕ್ಕಿಂತ ಚಿಕ್ಕದು, ಅದಕ್ಕಿಂತ ತುರ್ತಿನದು. ಗೋಡೆ ಓರೆಯಾಗಿದೆ; ತೊಲೆಯ ತಳದಲ್ಲಿ ಕಂಬಿ ಕಾಣುತ್ತಿದೆ; ಕೆಲಸ ಇನ್ನೂ ಮುಗಿದಿಲ್ಲ, ಹಣ ಮಾತ್ರ ಅರ್ಧಕ್ಕಿಂತ ಹೆಚ್ಚು ಸಂದಿದೆ. ಈಗ ಮಾಡತಕ್ಕದ್ದೇನು?

ಈ ಪ್ರಶ್ನೆಯನ್ನು ನಾವು ಇಲ್ಲಿ ಚರಿತ್ರೆಯ ದೃಷ್ಟಿಯಿಂದ ಎತ್ತಿಕೊಂಡಿದ್ದೇವೆ. ಕಟ್ಟಡ ಕುಸಿದ ಮೇಲಿನ ದಂಡನೆಗಿಂತ, ಕೆಲಸವನ್ನು ‘ಸರಿಯಾಗಿದೆ’ ಎಂದು ಒಪ್ಪಿಸಿಕೊಳ್ಳುವ ಗಳಿಗೆಯೇ ಹೊಣೆಗಾರಿಕೆಯ ನಿಜವಾದ ತಿರುಗುಗೂಟವೆಂಬುದು ಬೇರೆಬೇರೆ ಕಾಲದ ಕಾನೂನುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸ್ಪಷ್ಟವಾಗುತ್ತದೆ. ಒಪ್ಪಿಗೆಗೆ ಮುಂಚೆ ದೋಷ ಕಟ್ಟುವವನದು. ಒಪ್ಪಿಗೆಯ ಅನಂತರ ಅದರ ಬಹುಭಾಗ ಕಟ್ಟಿಸುವವನದು. ನಮ್ಮ ಕಾಲದಲ್ಲಿ, ವಿಶೇಷವಾಗಿ ಸ್ವಂತ ನಿವೇಶನದಲ್ಲಿ ಗುತ್ತಿಗೆ ಕೊಟ್ಟು ಮನೆ ಕಟ್ಟಿಸುವಲ್ಲಿ, ಈ ಒಪ್ಪಿಗೆ ಯಾರ ಬಾಯಿಂದಲೂ ಹೊರಡದೆ, ಯಾವ ಕಾಗದದ ಮೇಲೆಯೂ ಬರೆಯಲ್ಪಡದೆ, ಗಾರೆಯ ಕೆಳಗೆ ನಡೆದುಹೋಗುತ್ತದೆ. ಅಧ್ಯಾಪಕವರ್ಗದ ಬಹುಮಂದಿ ಜೀವಮಾನದಲ್ಲಿ ಒಮ್ಮೆ, ಭವಿಷ್ಯನಿಧಿಯನ್ನೂ ಬ್ಯಾಂಕಿನ ಸಾಲವನ್ನೂ ಕೂಡಿಸಿ, ಈ ಕೆಲಸಕ್ಕೆ ಕೈಹಾಕುವವರಾದುದರಿಂದ ವಿಷಯವು ಕೇವಲ ಪಾಂಡಿತ್ಯದ್ದಲ್ಲ.

ಹಮ್ಮುರಾಬಿಯ ಶಿಲಾಸ್ತಂಭವು ೧೯೦೧-೦೨ರಲ್ಲಿ ಇರಾನಿನ ಸೂಸಾದಲ್ಲಿ ಫ್ರೆಂಚ್ ಉತ್ಖನನಕಾರರಿಗೆ ದೊರೆಯಿತು. ಈಗ ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಅರಸನ ಕಾಲ ರೂಢಿಯ ಗಣನೆಯಂತೆ ಕ್ರಿ. ಪೂ. ೧೭೯೨ರಿಂದ ೧೭೫೦. ಸ್ತಂಭದ ಬರಹವನ್ನು ಮೊದಲು ಪ್ರಕಟಿಸಿದ ಶೇಲ್ ಎಂಬ ವಿದ್ವಾಂಸರು ಅದನ್ನು ೨೮೨ ಕಟ್ಟಳೆಗಳಾಗಿ ವಿಂಗಡಿಸಿದರು. ಅವುಗಳಲ್ಲಿ ೨೨೮ರಿಂದ ೨೩೩ರ ವರೆಗಿನವು ಮನೆ ಕಟ್ಟುವವನಿಗೆ ಸಂಬಂಧಿಸಿದವು. ಮೊದಲನೆಯದು ಕೂಲಿಯ ವಿಷಯ: ಮುಗಿಸಿದ ಮನೆಯ ಒಂದು ‘ಸರ್’ ವಿಸ್ತೀರ್ಣಕ್ಕೆ ಎರಡು ಶೆಕೆಲ್ ಬೆಳ್ಳಿ. ಶೆಕೆಲ್ ಎಂದರೆ ಎಂಟು ಗ್ರಾಮಿಗೆ ತುಸು ಮೇಲಿನ ತೂಕ. ಸರ್ ಎಂಬುದು ಸುಮಾರು ೩೬ ಚದರ ಮೀಟರು, ಅಂದರೆ ಬೆಂಗಳೂರು ಮೈಸೂರುಗಳ ಮೇಸ್ತ್ರಿಗಳು ಲೆಕ್ಕ ಹಾಕುವ ನೂರು ಚದರಡಿಯ ‘ಚದರ’ದಲ್ಲಿ ನಾಲ್ಕಕ್ಕೆ ತುಸು ಕಡಿಮೆ. ಶಬ್ದಗಳ ಸಾಮ್ಯ ಆಕಸ್ಮಿಕ. ಆದರೆ ವಿಸ್ತೀರ್ಣದ ಮೇಲೆ ಕೂಲಿ ಕಟ್ಟುವ ಪದ್ಧತಿ ಮೂರೂವರೆ ಸಾವಿರ ವರ್ಷಗಳಿಗೂ ಹಳೆಯದು ಎಂಬುದು ಆಕಸ್ಮಿಕವಲ್ಲ. ಅಳೆಯಲು ಸುಲಭವಾದುದಕ್ಕೆ ಹಣ ಕೊಡುವುದು ಎಲ್ಲ ಕಾಲದ ರೂಢಿ. ಗುಣವು ವಿಸ್ತೀರ್ಣದಲ್ಲಿ ಕಾಣುವುದಿಲ್ಲವಾದುದರಿಂದಲೇ ಮುಂದಿನ ಐದು ಕಟ್ಟಳೆಗಳು ಬೇಕಾದವು.

೨೨೯ನೆಯದು ಮೇಲೆ ಹೇಳಿದ ಮರಣದಂಡನೆ. ಯಜಮಾನನ ಮಗ ಸತ್ತರೆ ಕಟ್ಟಿದವನ ಮಗನಿಗೆ ಮರಣ, ಗುಲಾಮ ಸತ್ತರೆ ಬದಲಿಗೆ ಗುಲಾಮ, ಸಾಮಾನು ಹಾಳಾದರೆ ಅದನ್ನು ತುಂಬಿಕೊಟ್ಟು ಮನೆಯನ್ನು ಸ್ವಂತ ಖರ್ಚಿನಲ್ಲಿ ಮತ್ತೆ ಕಟ್ಟುವುದು, ಹೀಗೆ ಇವು ಇಳಿಯುತ್ತ ಬರುತ್ತವೆ. ಕೊನೆಯದಾದ ೨೩೩ರಲ್ಲಿ ಯಾರೂ ಸತ್ತಿಲ್ಲ, ಏನೂ ಬಿದ್ದಿಲ್ಲ. ಗೋಡೆ ಮಾತ್ರ ವಾಲಿದೆ. ಕಟ್ಟಿದವನು ತನ್ನ ಬೆಳ್ಳಿಯಿಂದಲೇ ಅದನ್ನು ಭದ್ರಪಡಿಸಬೇಕೆಂಬುದು ವಿಧಿ. ಇಲ್ಲಿ ಭಾಷಾಂತರದ ಒಂದು ಸ್ವಾರಸ್ಯವುಂಟು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಿಂಗ್ ಎಂಬವರ ಇಂಗ್ಲಿಷ್ ಅನುವಾದವು ಇದನ್ನು ‘ಕೆಲಸ ಇನ್ನೂ ಮುಗಿಯದಿದ್ದರೂ’ ಎಂಬ ಅರ್ಥದಲ್ಲಿ ತೆಗೆದುಕೊಂಡಿತು. ೧೯೯೫ರಲ್ಲಿ ಮಾರ್ಥಾ ರಾತ್ ಅವರು ಪ್ರಕಟಿಸಿದ ಅನುವಾದದಲ್ಲಿ ‘ಗೊತ್ತುಪಡಿಸಿದಂತೆ ಕಟ್ಟದಿದ್ದರೆ’ ಎಂಬ ಅರ್ಥವಿದೆ. ಎರಡರಲ್ಲಿ ಯಾವುದನ್ನು ಹಿಡಿದರೂ ತಾತ್ಪರ್ಯ ನಮಗೆ ಬೇಕಾದುದೇ: ಕುಸಿಯುವ ತನಕ ಕಾಯಬೇಕಾಗಿಲ್ಲ, ದೋಷ ಕಂಡೊಡನೆ ತಿದ್ದಿಸುವ ಹಕ್ಕು ಹುಟ್ಟುತ್ತದೆ. ಈ ಕಟ್ಟಳೆಗಳು ನ್ಯಾಯಸ್ಥಾನಗಳಲ್ಲಿ ಹೀಗೆಯೇ ನಡೆದವೆಂದು ಮಾತ್ರ ಭಾವಿಸಲಾಗದು. ಆ ಕಾಲದ ತೀರ್ಪಿನ ಮಣ್ಣಿನ ಹಲಗೆಗಳು ಸಾಕಷ್ಟು ದೊರೆತಿದ್ದರೂ ಅವು ಈ ಸ್ತಂಭವನ್ನು ಆಧಾರವಾಗಿ ಎತ್ತಿ ಹೇಳುವುದಿಲ್ಲವೆಂಬುದನ್ನು ವಿದ್ವಾಂಸರು ಬಹುಕಾಲದಿಂದ ಗಮನಿಸಿದ್ದಾರೆ.

ಕಟ್ಟಳೆಯನ್ನು ಬಿಟ್ಟು ನಿಜವಾದ ಒಂದು ಕರಾರನ್ನು ನೋಡಬೇಕಾದರೆ ರೋಮನರ ಕಡೆಗೆ ತಿರುಗಬೇಕು. ಇಟಲಿಯ ನೇಪಲ್ಸ್ ಬಳಿಯ ಪುಟಿಯೋಲಿ ಎಂಬ ಬಂದರುಪಟ್ಟಣದಲ್ಲಿ ಕ್ರಿ. ಪೂ. ೧೦೫ರ ಒಂದು ಗುತ್ತಿಗೆಯ ಷರತ್ತುಗಳನ್ನು ಕಲ್ಲಿನ ಮೇಲೆ ಕೊರೆಯಿಸಲಾಗಿದೆ. ಕೆಲಸ ಅಲ್ಪವಾದುದು: ದೇವಾಲಯವೊಂದರ ಮುಂದಣ ಗೋಡೆಯಲ್ಲಿ ಬಾಗಿಲು ಕೂಡಿಸಿ, ಮೇಲೆ ಸೂರು ಇಳಿಸುವುದು. ಗುತ್ತಿಗೆಯ ಮೊತ್ತ ೧,೫೦೦ ಸೆಸ್ಟರ್ಸ್. ಆದರೆ ಷರತ್ತುಗಳ ಸೂಕ್ಷ್ಮತೆ ಬೆರಗುಗೊಳಿಸುವಂಥದು. ಬಾಗಿಲಿನ ಅಗಲ ಆರು ಅಡಿ, ಎತ್ತರ ಏಳು ಅಡಿ. ಗಾರೆಯಲ್ಲಿ ಅರಳಿಸಿದ ಸುಣ್ಣ ನಾಲ್ಕರಲ್ಲಿ ಒಂದು ಪಾಲು. ಗೋಡೆಗೆ ತುಂಬುವ ಕಲ್ಲು ಒಣಗಿದಾಗ ಹದಿನೈದು ರೋಮನ್ ಪೌಂಡಿಗೆ ಮೀರಬಾರದು. ಹಣದ ಏರ್ಪಾಡು ಇನ್ನೂ ಗಮನಾರ್ಹ. ಗುತ್ತಿಗೆದಾರನು ತನ್ನ ಭೂಮಿಯನ್ನು ಭದ್ರತೆಯಾಗಿ ಬರೆದುಕೊಟ್ಟ ಮೇಲೆ ಅರ್ಧ, ಉಳಿದರ್ಧ ಕೆಲಸ ಮುಗಿದು ಒಪ್ಪಿತವಾದ ಮೇಲೆ. ಒಪ್ಪಬೇಕಾದವರು ಹಿಂದೆ ಅಧಿಕಾರದಲ್ಲಿದ್ದ ಹಿರಿಯರು. ಇಪ್ಪತ್ತು ಮಂದಿಗೆ ಕಡಿಮೆಯಿಲ್ಲದೆ ನೆರೆದು, ಪ್ರಮಾಣ ಮಾಡಿ, ನಿರ್ಣಯ ಹೇಳಬೇಕು. ಒಂದು ಬಾಗಿಲಿಗೆ ಇಪ್ಪತ್ತು ಮಂದಿ ಹಿರಿಯರೆಂದರೆ ಅತಿಯಾಯಿತೆಂದು ಇಂದಿನವರು ನಗಬಹುದು. ಲಕ್ಷಗಟ್ಟಲೆ ರೂಪಾಯಿಯ ಮನೆಗೆ ಒಬ್ಬ ಸಾಕ್ಷಿಯೂ ಇಲ್ಲದೆ ಕೊನೆಯ ಕಂತು ಎಣಿಸಿಕೊಡುವ ನಮ್ಮನ್ನು ನೋಡಿ ಆ ಹಿರಿಯರು ಏನೆನ್ನುತ್ತಿದ್ದರೋ ತಿಳಿಯದು.

ಈ ಆಚರಣೆಗೆ ಶಾಸ್ತ್ರರೂಪ ಕೊಟ್ಟ ನ್ಯಾಯವಿದರಲ್ಲಿ ಫ್ಲೋರೆಂಟೀನಸ್ ಒಬ್ಬನು. ೫೩೩ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಹೊರಡಿಸಿದ ‘ಡೈಜೆಸ್ಟ್’ ಸಂಗ್ರಹದಲ್ಲಿ ಅವನ ಮತ ಉಳಿದಿದೆ. ಅದರ ಸಾರವನ್ನು ಹೀಗೆ ಹೇಳಬಹುದು. ಒಟ್ಟು ಮೊತ್ತಕ್ಕೆ ಗುತ್ತಿಗೆಯಾದ ಕೆಲಸ, ಒಪ್ಪಿಗೆಯಾಗುವ ವರೆಗೆ ಗುತ್ತಿಗೆದಾರನ ಹೊಣೆಯಲ್ಲಿರುತ್ತದೆ. ಅಡಿಯ ಲೆಕ್ಕದಲ್ಲಿ ಗುತ್ತಿಗೆಯಾದ ಕೆಲಸ, ಅಳತೆಯಾಗುವ ವರೆಗೆ. ಆದರೆ ಅಳೆಯುವುದಕ್ಕೋ ಒಪ್ಪುವುದಕ್ಕೋ ಯಜಮಾನನೇ ತಡಮಾಡಿದರೆ ನಷ್ಟ ಯಜಮಾನನದು. ಕೊನೆಯ ಮಾತನ್ನು ಭಾನುವಾರ ಮಾತ್ರ ಕಟ್ಟಡದ ಬಳಿಗೆ ಹೋಗುವ ನಮ್ಮ ಸಹೋದ್ಯೋಗಿಗಳು ಮನಸ್ಸಿನಲ್ಲಿಡತಕ್ಕದ್ದು. ಒಪ್ಪಿಗೆಯಿಂದ ಎಲ್ಲವೂ ಮುಗಿಯುವುದಿಲ್ಲ, ಮೇಲ್ನೋಟಕ್ಕೆ ಕಾಣದ ದೋಷ ಕಾಲಾಂತರದಲ್ಲಿ ಹೊರಬೀಳುತ್ತದೆ ಎಂಬುದನ್ನೂ ರೋಮನರು ಬಲ್ಲವರಾಗಿದ್ದರು. ೩೮೫ರ ಒಂದು ರಾಜಾಜ್ಞೆಯು ಸಾರ್ವಜನಿಕ ಕಟ್ಟಡಗಳ ಹೊಣೆ ಹೊತ್ತವರನ್ನೂ ಅವರ ವಾರಸುದಾರರನ್ನೂ ಕೆಲಸ ಮುಗಿದಂದಿನಿಂದ ಹದಿನೈದು ವರ್ಷಗಳ ಕಾಲ ಬಾಧ್ಯರನ್ನಾಗಿ ಮಾಡಿತು.

ನಮ್ಮ ದೇಶದಲ್ಲಿ ಇದಕ್ಕೆ ಸಮನಾದುದೇನಾದರೂ ಉಂಟೆ? ಕೌಟಿಲ್ಯನ ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಮೈಸೂರಿನಿಂದ ಪ್ರಕಟಿಸಿ ಲೋಕಕ್ಕೆ ಕೊಟ್ಟವರು ಆರ್. ಶಾಮಶಾಸ್ತ್ರಿಗಳು. ಅದರ ನಾಲ್ಕನೆಯ ಅಧಿಕರಣವು ‘ಕಾರುಕರಕ್ಷಣ’ದಿಂದ, ಎಂದರೆ ಕುಶಲಕರ್ಮಿಗಳಿಂದ ಪ್ರಜೆಗಳನ್ನು ಕಾಪಾಡುವ ಪ್ರಕರಣದಿಂದ ಆರಂಭವಾಗುತ್ತದೆ. ಸ್ಥಳ, ಕಾಲ, ಕೆಲಸದ ಸ್ವರೂಪ ಇವನ್ನು ಮೊದಲೇ ಗೊತ್ತುಪಡಿಸಿಕೊಳ್ಳಬೇಕು. ಕಾಲ ಮೀರಿದರೆ ಕೂಲಿಯಲ್ಲಿ ಕಾಲುಭಾಗ ನಷ್ಟ, ಅದರ ಎರಡರಷ್ಟು ದಂಡ. ಹೇಳಿದುದಕ್ಕಿಂತ ಬೇರೆಯಾಗಿ ಮಾಡಿದರೆ ಪೂರ್ತಿ ಕೂಲಿ ನಷ್ಟ, ಅದರ ಎರಡರಷ್ಟು ದಂಡ. ತಡವನ್ನೂ ದೋಷವನ್ನೂ ಬೇರ್ಪಡಿಸಿ, ದೋಷಕ್ಕೆ ನಾಲ್ಕು ಪಟ್ಟು ತೂಕ ಕೊಟ್ಟಿರುವುದು ವಿವೇಕದ ಲಕ್ಷಣ. ಇಂದಿನ ಎಷ್ಟೋ ಗುತ್ತಿಗೆಪತ್ರಗಳಲ್ಲಿ ತಡಕ್ಕೆ ದಂಡವುಂಟು, ದೋಷಕ್ಕೆ ಒಂದು ಸಾಲೂ ಇರುವುದಿಲ್ಲ. ಆದರೆ ಆ ಪ್ರಕರಣದಲ್ಲಿ ಮುಂದೆ ಬರುವವರು ನೇಯುವವರು, ಅಗಸರು, ಅಕ್ಕಸಾಲಿಗರು ಮೊದಲಾದವರು. ಮನೆ ಕಟ್ಟುವವನ ಪ್ರಸ್ತಾಪ ಪ್ರತ್ಯೇಕವಾಗಿಲ್ಲ. ಸಾಮಾನ್ಯ ನಿಯಮವು ಅವನಿಗೂ ಅನ್ವಯಿಸುತ್ತಿತ್ತೆಂದು ಊಹಿಸಬಹುದೇ ಹೊರತು ಹೆಚ್ಚು ಹೇಳಲಾಗದು.

ಕರ್ನಾಟಕದ ಶಾಸನಗಳಲ್ಲಿ ನಮಗೆ ದೊರೆಯುವುದು ಬೇರೆಯದೇ ಆದ ಒಂದು ಮನೋಧರ್ಮ. ದೇವಾಲಯಕ್ಕೂ ಬಸದಿಗೂ ಭೂದಾನ ಮಾಡುವಾಗ ಪೂಜೆ, ನೈವೇದ್ಯ, ಆಹಾರದಾನಗಳ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ದಾನ ಕೊಡುವ ಮಾತು ನೂರಾರು ಕಡೆ ಬರುತ್ತದೆ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರಿದದ್ದು. ಕಟ್ಟಿದ್ದು ಬಿರಿಯುವುದು ಸಹಜ, ಅದಕ್ಕೆ ಮೊದಲೇ ಉತ್ಪತ್ತಿಯನ್ನು ಕಟ್ಟಿಡಬೇಕು ಎಂಬ ಎಣಿಕೆ ಇಲ್ಲಿದೆ. ರೂವಾರಿಯನ್ನು ಹಿಡಿದು ಕೇಳುವ ಮಾತಿಲ್ಲ. ನೂರಾರು ವರ್ಷ ನಿಲ್ಲಬೇಕಾದ ಕಲ್ಲಿನ ಕಟ್ಟಡಕ್ಕೆ ಇದು ಯೋಗ್ಯವಾದ ಕ್ರಮ. ಮೂರು ತಿಂಗಳ ಹಿಂದಿನ ತಾರಸಿಗೆ ಈ ಸಮಾಧಾನ ಸಲ್ಲದು. ‘ಬಿರುಕು ಎಲ್ಲ ಮನೆಯಲ್ಲೂ ಬರುತ್ತದೆ’ ಎಂದು ಹೇಳುವ ಗುತ್ತಿಗೆದಾರನು ಶಾಸನಕಾರರ ಮಾತನ್ನು ತನ್ನ ಅನುಕೂಲಕ್ಕೆ ತಿರುಗಿಸಿಕೊಂಡಂತಾಗುತ್ತದೆ.

ಆಧುನಿಕ ಕಾನೂನುಗಳನ್ನು ಸಂಕ್ಷೇಪವಾಗಿ ನೋಡಬಹುದು. ಫ್ರಾನ್ಸಿನ ೧೮೦೪ರ ನಾಗರಿಕ ಸಂಹಿತೆಯ ೧೭೯೨ನೆಯ ಕಲಮು, ನಿಶ್ಚಿತ ಮೊತ್ತಕ್ಕೆ ಕಟ್ಟಿದ ಕಟ್ಟಡವು ನಿರ್ಮಾಣದ ದೋಷದಿಂದಾಗಲಿ ನೆಲದ ದೋಷದಿಂದಾಗಲಿ ಹಾಳಾದರೆ ವಾಸ್ತುಶಿಲ್ಪಿಯೂ ಗುತ್ತಿಗೆದಾರನೂ ಹತ್ತು ವರ್ಷ ಹೊಣೆಯೆಂದು ವಿಧಿಸಿತು. ೧೯೭೮ರಲ್ಲಿ ಅದನ್ನು ಪರಿಷ್ಕರಿಸಿದರೂ ಹತ್ತು ವರ್ಷದ ತತ್ತ್ವ ಉಳಿಯಿತು. ಇಂಗ್ಲೆಂಡಿನ ದಾರಿ ಬೇರೆ. ಅಲ್ಲಿ ಮುಗಿದ ಮನೆಯನ್ನು ಕೊಳ್ಳುವವನು ತಾನೇ ನೋಡಿ ಕೊಳ್ಳಬೇಕು, ಕೊಂಡ ಮೇಲೆ ಗುಣದ ಬಗ್ಗೆ ದೂರು ಸಲ್ಲದು ಎಂಬುದು ಬಹುಕಾಲದ ನಿಯಮವಾಗಿತ್ತು. ಆದರೆ ೧೯೩೧ರ ಒಂದು ತೀರ್ಪಿನಲ್ಲಿ, ಕಟ್ಟುತ್ತಿರುವ ಮನೆಯನ್ನು ಕೊಳ್ಳುವವನಿಗೆ ಒಳ್ಳೆಯ ಸಾಮಗ್ರಿ, ಒಳ್ಳೆಯ ಕೆಲಸ ಮತ್ತು ವಾಸಯೋಗ್ಯತೆಯ ಭರವಸೆ ಹೇಳದಿದ್ದರೂ ಕರಾರಿನಲ್ಲಿ ಅಡಗಿರುತ್ತದೆಂದು ನ್ಯಾಯಾಲಯ ಹೇಳಿತು. ಹೀಗೆ ಒಂದೇ ಬೀದಿಯ ಎರಡು ಮನೆಗಳಲ್ಲಿ ಸುಣ್ಣ ಬಳಿದು ಮುಗಿಸಿದ ಮನೆಯವನಿಗೆ ಪರಿಹಾರವಿಲ್ಲ, ಮುಗಿಯದ ಮನೆಯವನಿಗೆ ಉಂಟು ಎಂಬ ವಿಚಿತ್ರ ಸ್ಥಿತಿ, ೧೯೭೨ರಲ್ಲಿ ಹೊಸ ಶಾಸನವಾಗುವ ತನಕ, ಅಲ್ಲಿ ನಡೆಯಿತು. ವಿಚಿತ್ರವಾದರೂ ಅದರಲ್ಲಿ ಅರ್ಥವಿಲ್ಲದಿಲ್ಲ: ಮುಗಿಯದ ಕೆಲಸದಲ್ಲಿ ಕೊಳ್ಳುವವನು ನೋಡಿ ಒಪ್ಪತಕ್ಕದ್ದು ಇನ್ನೂ ಹುಟ್ಟಿಯೇ ಇರುವುದಿಲ್ಲ.

ನಮ್ಮಲ್ಲಿ ಆಧಾರವಾಗಿರುವುದು ೧೮೭೨ರ ಕರಾರು ಅಧಿನಿಯಮ. ಅದರ ೭೩ನೆಯ ಕಲಮಿನ ಕೆಳಗೆ ಕೊಟ್ಟಿರುವ ದೃಷ್ಟಾಂತಗಳಲ್ಲಿ ಒಂದು ನಮ್ಮ ವಿಷಯವೇ ಆಗಿದೆ. ಮುಂಗಡ ಹಣ ಪಡೆದು ಮನೆಯ ದುರಸ್ತಿಯನ್ನು ಒಪ್ಪಿದಂತೆ ಮಾಡದೆ ಬೇರೆ ರೀತಿಯಲ್ಲಿ ಮಾಡಿದರೆ, ಕರಾರಿಗೆ ಸರಿಹೋಗುವಂತೆ ಅದನ್ನು ಮಾಡಿಸಲು ತಗಲುವ ವೆಚ್ಚವನ್ನು ಯಜಮಾನನು ವಸೂಲು ಮಾಡಬಹುದು. ಅದೇ ಕಲಮಿನ ವಿವರಣೆಯು, ನಷ್ಟವನ್ನು ಎಣಿಸುವಾಗ ಅದನ್ನು ನಿವಾರಿಸಲು ಇದ್ದ ಉಪಾಯಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕೆನ್ನುತ್ತದೆ. ಸೋರುವ ಕೊಳವೆಯನ್ನು ಕಂಡೂ ವರ್ಷಗಟ್ಟಲೆ ಸುಮ್ಮನಿದ್ದು ಗೋಡೆ ಪೂರ್ತಿ ಹಾಳಾದ ಮೇಲೆ ಲೆಕ್ಕ ಕೇಳಿದರೆ ಪೂರ್ತಿ ಲೆಕ್ಕ ದೊರೆಯದು. ಇದರ ಜೊತೆಗೆ ಸರ್ಕಾರದ ಲೋಕೋಪಯೋಗಿ ಇಲಾಖೆಗಳು ರೂಢಿಗೆ ತಂದ ಅಳತೆ ಪುಸ್ತಕವನ್ನು ಹೇಳಬೇಕು. ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮುನ್ನ ಅಳೆದು, ದಿನಾಂಕ ಹಾಕಿ, ರುಜು ಮಾಡಿ, ಅನಂತರ ಬಿಲ್ಲು ಪಾಸು ಮಾಡುವುದು, ಪ್ರತಿ ಬಿಲ್ಲಿನಲ್ಲಿಯೂ ಸ್ವಲ್ಪ ಹಣವನ್ನು ಭದ್ರತೆಗೆ ಹಿಡಿದಿಡುವುದು ಅವುಗಳ ಕ್ರಮ. ಫ್ಲೋರೆಂಟೀನಸನ ಅಳತೆಯೂ ಪುಟಿಯೋಲಿಯ ಅರ್ಧ ಹಣವೂ ಇಲ್ಲಿ ಒಂದಾಗಿವೆ. ಸರ್ಕಾರವು ತನಗಾಗಿ ಮಾಡಿಕೊಂಡ ಈ ಏರ್ಪಾಡು ಖಾಸಗಿ ಮನೆಗೆ ಇಳಿದುಬರಲಿಲ್ಲ.

ಈಗ ಕಟ್ಟಡದ ಜಾಗಕ್ಕೆ ಬರೋಣ. ಮನೆಯೊಂದರಲ್ಲಿ ದೋಷವು ಕಣ್ಣಿಗೆ ಬಿದ್ದು ಮತ್ತೆ ಮರೆಯಾಗುವ ಗಳಿಗೆಗಳು ಕೆಲವೇ. ಪಾಯದ ಗುಂಡಿಯಲ್ಲಿ ಕಲ್ಲು ಬೀಳುವ ಮುನ್ನ. ತಾರಸಿಯ ಕಂಬಿ ಕಟ್ಟಿ ಕಾಂಕ್ರೀಟು ಸುರಿಯುವ ಮುನ್ನ. ಸೆಂಟ್ರಿಂಗ್ ಬಿಚ್ಚಿದ ದಿನ. ಗೋಡೆಯಲ್ಲಿ ಕೊಳವೆ, ತಂತಿ ಇಟ್ಟು ಗಾರೆ ಮೆತ್ತುವ ಮುನ್ನ. ಬಚ್ಚಲಿನ ನೆಲಕ್ಕೆ ಮಣ್ಣು ತುಂಬುವ ಮುನ್ನ. ಈ ದಿನಗಳಲ್ಲಿ ಕಟ್ಟಿಸುವವನು ಇಲ್ಲದಿದ್ದರೆ ಅವನು ಮೌನವಾಗಿ ಒಪ್ಪಿದಂತೆಯೇ ಸರಿ. ಕಾನೂನು ಹಾಗೆ ಹೇಳದಿದ್ದರೂ ಸಾಕ್ಷ್ಯ ಹಾಗೆ ಹೇಳುತ್ತದೆ.

ನೆಲದ ವಿಷಯವನ್ನು ಮೊದಲು ತೆಗೆದುಕೊಳ್ಳೋಣ. ವಿಜಯಪುರ, ಕಲಬುರಗಿ, ಧಾರವಾಡ ಸೀಮೆಗಳ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವಂಥದು. ಬೇಸಗೆಯಲ್ಲಿ ಕೈತುಂಬ ಹಿಡಿಸುವ ಅದರ ಬಿರುಕುಗಳನ್ನು ಕಂಡವರಿಗೆ ಮೇಲಿನ ಗೋಡೆಯ ಗತಿಯನ್ನು ಹೇಳಬೇಕಾಗಿಲ್ಲ. ಅಲ್ಲಿ ಪಾಯವನ್ನು ಎರೆಯ ಕೆಳಗಣ ಗಟ್ಟಿನೆಲಕ್ಕೆ ಇಳಿಸುವುದೋ ಅದಕ್ಕೆ ತಕ್ಕ ಬೇರೆ ವಿನ್ಯಾಸ ಮಾಡುವುದೋ ಅವಶ್ಯಕ. ಫ್ರೆಂಚ್ ಸಂಹಿತೆ ನೆಲದ ದೋಷವನ್ನೂ ಕಟ್ಟುವವನ ತಲೆಗೆ ಕಟ್ಟಿದ್ದು ಇದಕ್ಕಾಗಿಯೇ: ನೆಲ ಯಜಮಾನನದಾದರೂ ಅದನ್ನು ಬಲ್ಲವನು ಕಟ್ಟುವವನು.

ಕಾಂಕ್ರೀಟಿನ ದೋಷಗಳಲ್ಲಿ ಅತಿ ಸಾಮಾನ್ಯವಾದುದು ‘ಜೇನುಗೂಡು’. ಕಾಂಕ್ರೀಟನ್ನು ಸರಿಯಾಗಿ ದಮ್ಮಸ್ಸು ಮಾಡದಿದ್ದಾಗ, ಕಂಬಿಗಳು ಒತ್ತಾಗಿದ್ದಾಗ, ಹಲಗೆಗಳ ಸಂದಿನಿಂದ ಸಿಮೆಂಟಿನ ಹಾಲು ಸೋರಿಹೋದಾಗ ಜಲ್ಲಿ ಮಾತ್ರ ಉಳಿದು ತೂತುತೂತಾಗಿ ಕಾಣುತ್ತದೆ. ಅದರ ಮೂಲಕ ತೇವ ಒಳಹೊಕ್ಕು ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಂಬಿ ಹಿಗ್ಗಿ ಹೊರಗಿನ ಕಾಂಕ್ರೀಟನ್ನು ಒಡೆದು ತಳ್ಳುತ್ತದೆ. ನಾವು ಮನೆ ಕಟ್ಟಿಸಿದಾಗ ಸೆಂಟ್ರಿಂಗ್ ಬಿಚ್ಚಿದ ಬೆಳಗ್ಗೆ ಹೋಗಿ ನೋಡುವಷ್ಟರಲ್ಲಿ ತೊಲೆಯೊಂದರ ತಳಕ್ಕೆ ಸಿಮೆಂಟಿನ ತಿಳಿ ಬಳಿದಾಗಿತ್ತು. ‘ಒಳಗೇನೂ ಇಲ್ಲ ಸಾರ್, ಮೇಲಷ್ಟೇ’ ಎಂದರು ಮೇಸ್ತ್ರಿಗಳು. ಮೇಲಷ್ಟೇ ಆಗಿದ್ದರೆ ಕೆರೆದು ತೋರಿಸುವುದರಲ್ಲಿ ಬಾಧಕವಿಲ್ಲವಷ್ಟೆ ಎಂದು ಕೇಳಿದೆವು. ಉಳಿಯಿಂದ ಕೆರೆದಾಗ ಎರಡು ಕಂಬಿಗಳು ಬರಿದಾಗಿ ಕಂಡವು. ಎಂಜಿನಿಯರು ಬಂದು ನೋಡಿ, ಸಡಿಲವಾದುದನ್ನೆಲ್ಲ ಕಿತ್ತು, ತೊಳೆದು, ಕುಗ್ಗದ ಗಾರೆಯನ್ನು ತುಂಬಿಸುವ ಕ್ರಮವನ್ನು ಬರೆದುಕೊಟ್ಟರು. ಆ ಕೆಲಸವಾಗುವ ವರೆಗೆ ತಾರಸಿಯ ಕಂತು ಸಲ್ಲದೆಂದು ನಾವು ಹೇಳಿದುದರಿಂದ ಗುತ್ತಿಗೆದಾರರು, ಮುಖ ಕಹಿ ಮಾಡಿಕೊಂಡರೂ, ತಮ್ಮ ಖರ್ಚಿನಲ್ಲಿಯೇ ನಾಲ್ಕು ದಿನದಲ್ಲಿ ಮಾಡಿಸಿದರು. ಹಮ್ಮುರಾಬಿಯ ೨೩೩ನೆಯ ಕಟ್ಟಳೆಯ ಬಲವೆಲ್ಲ ಆ ಕೊಡದ ಕಂತಿನಲ್ಲಿದ್ದಿತು.

ಇದಕ್ಕಿಂತ ಕಾಣದ ದೋಷ ನೀರಿನದು. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಡನೆ ಕೂಡಿ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಆದುದರಿಂದ ಹೊಸ ಕಾಂಕ್ರೀಟನ್ನು ತೇವವಾಗಿಯೇ ಇಡಬೇಕು. ಭಾರತೀಯ ಮಾನಕ ೪೫೬ರ ೨೦೦೦ದ ಆವೃತ್ತಿಯು ಸಾಮಾನ್ಯ ಸಿಮೆಂಟಿಗೆ ಕನಿಷ್ಠ ೭ ದಿನ, ಬಿಸಿಲು ಒಣಹವೆಗಳಲ್ಲಿ ಹಾಗೂ ಮಿಶ್ರ ಸಿಮೆಂಟುಗಳಿಗೆ ಕನಿಷ್ಠ ೧೦ ದಿನ ಎಂದು ಹೇಳುತ್ತದೆ. ನಾಲ್ಕೂವರೆ ಮೀಟರಿನ ವರೆಗಿನ ತಾರಸಿಯ ಊರುಗೋಲುಗಳನ್ನು ೭ ದಿನಕ್ಕೆ ಮುಂಚೆ, ಅದಕ್ಕಿಂತ ಅಗಲವಾದುದರಲ್ಲಿ ೧೪ ದಿನಕ್ಕೆ ಮುಂಚೆ ತೆಗೆಯಬಾರದೆಂಬುದೂ ಅದರಲ್ಲಿದೆ. ಬೇರೊಂದು ಮನೆಯ ಸೆಂಟ್ರಿಂಗಿಗೆ ಹಲಗೆ ಬೇಕಾದಾಗ ಈ ಅಂಕಿಗಳು ಕುಗ್ಗುತ್ತವೆಂಬುದು ಎಲ್ಲರೂ ಬಲ್ಲ ಸಂಗತಿ. ಕಾಂಕ್ರೀಟು ಸುರಿಯುವಾಗಲೇ ಮೂರು ಘನಗಳನ್ನು ಎರೆದಿಟ್ಟು ೨೮ನೆಯ ದಿನ ಪರೀಕ್ಷೆ ಮಾಡಿಸಿದರೆ ಅದರ ಬಲಕ್ಕೆ ಲಿಖಿತ ಸಾಕ್ಷ್ಯ ದೊರೆಯುತ್ತದೆ. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಇದಕ್ಕೆ ತಗಲುವ ಖರ್ಚು ಮನೆಯ ಒಟ್ಟು ವೆಚ್ಚದ ಮುಂದೆ ಏನೂ ಅಲ್ಲ.

ಬಿರುಕುಗಳನ್ನು ಕಂಡು ಗಾಬರಿಯಾಗುವುದೂ ಉದಾಸೀನ ಮಾಡುವುದೂ ಸಮಾನವಾಗಿ ತಪ್ಪು. ಗಾರೆಯ ಮೇಲೆ ಜೇಡನ ಬಲೆಯಂತೆ ಹರಡಿದ ಕೂದಲೆಳೆಯ ಬಿರುಕು ಬಹುಮಟ್ಟಿಗೆ ಗಾರೆಯದೇ; ಸಿಮೆಂಟು ಹೆಚ್ಚಾಗಿಯೋ ನೀರು ಹಾಕದೆಯೋ ಬಂದದ್ದು. ಕ್ರಿ. ಪೂ. ಒಂದನೆಯ ಶತಮಾನದ ವಿಟ್ರೂವಿಯಸನು, ಹೊರಗೆ ಒಣಗಿ ಒಳಗೆ ಹಸಿಯಾಗಿರುವ ಹಸಿಯಿಟ್ಟಿಗೆಯಿಂದ ಕಟ್ಟಿದ ಗೋಡೆ ಮುಂದೆ ಕುಗ್ಗುವುದರಿಂದ ಗಾರೆ ಬಿಟ್ಟುಕೊಳ್ಳುತ್ತದೆಂದು ವಿವರಿಸಿ, ಎರಡು ವರ್ಷ ಒಣಗಿಸಿದ ಇಟ್ಟಿಗೆ ಬೇಕೆಂದನು. ಒಳಗಿನದು ಕುಗ್ಗಿ ಹೊರಗಿನದು ಬಿಡುವ ಆ ಕಾರಣ ಇಂದಿನ ಕಾಂಕ್ರೀಟ್ ಬ್ಲಾಕಿನ ಗೋಡೆಗೂ ಸಲ್ಲುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ಇಟ್ಟಿಗೆಯ ಸಂದುಗಳನ್ನು ಹಿಡಿದು ಮೆಟ್ಟಲುಮೆಟ್ಟಲಾಗಿ ಇಳಿಯುವ ಬಿರುಕು, ಇವು ಬೇರೆ ಜಾತಿ. ಎರಡನೆಯದು ಪಾಯ ಒಂದು ಕಡೆ ಕುಸಿಯುತ್ತಿರುವುದರ ಗುರುತಾಗಿರಬಹುದು. ಬಿರುಕು ನಿಂತಿದೆಯೋ ಬೆಳೆಯುತ್ತಿದೆಯೋ ಎಂಬುದೇ ಮುಖ್ಯ. ಅದರ ಎರಡು ತುದಿಗಳಿಗೆ ಸೀಸದ ಕಡ್ಡಿಯಿಂದ ಗೆರೆ ಎಳೆದು ದಿನಾಂಕ ಬರೆಯುವುದು, ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಅಂಟಿಸಿ ಅದು ಸೀಳುವುದೋ ಎಂದು ಕಾಯುವುದು, ಇವು ಹಳೆಯ ಉಪಾಯಗಳು, ಇಂದಿಗೂ ಸಾಕಷ್ಟು ನಂಬತಕ್ಕವು. ದಿನಾಂಕವಿಲ್ಲದ ಛಾಯಾಚಿತ್ರವು ತಿಥಿಯಿಲ್ಲದ ಶಾಸನದಂತೆ. ವಾದಕ್ಕೆ ಎಡೆಮಾಡೀತೇ ಹೊರತು ನಿರ್ಣಯಕ್ಕಲ್ಲ.

ಕೊಳವೆಗಳನ್ನು ಗಾರೆಗೆ ಮುಂಚೆ ನೀರಿನ ಒತ್ತಡ ಕೊಟ್ಟು ನೋಡುವುದು, ಬಚ್ಚಲಿನ ತಗ್ಗಿನ ತಳದಲ್ಲಿಯೂ ತಾರಸಿಯ ಮೇಲೆಯೂ ಒಂದೆರಡು ದಿನ ನೀರು ಕಟ್ಟಿ ಕೆಳಗೆ ತೇವವಿಳಿಯುವುದೋ ಎಂದು ನೋಡುವುದು, ಗೋಡೆಗೆ ತೂಗುಗುಂಡು ಇಳಿಬಿಡುವುದು, ಇವನ್ನು ವಿಸ್ತರಿಸಬೇಕಾಗಿಲ್ಲ. ಒಂದು ಎಚ್ಚರಿಕೆ ಮಾತ್ರ ಅವಶ್ಯಕ. ಸಾಮಾನು ತಾನೇ ತರಿಸಿ ಕೂಲಿಯನ್ನಷ್ಟೇ ಗುತ್ತಿಗೆ ಕೊಟ್ಟ ಮನೆಯಲ್ಲಿ ದೋಷ ಬಂದಾಗ ಗುತ್ತಿಗೆದಾರನು ಮರಳನ್ನು ದೂರುತ್ತಾನೆ, ಯಜಮಾನನು ಕೈಯನ್ನು ದೂರುತ್ತಾನೆ. ಅಲ್ಲಿ ಸಾಮಾನು ಇಳಿದ ದಿನವೇ ಗುತ್ತಿಗೆದಾರನಿಂದ ‘ಯೋಗ್ಯವಾಗಿದೆ’ ಎಂದು ಬರೆಯಿಸಿಕೊಳ್ಳುವುದು ಒಳ್ಳೆಯದು.

ಇಷ್ಟಾಗಿಯೂ ತಿದ್ದದಿದ್ದರೆ ದಾರಿಯೇನು? 'ರೇರಾ' ಎಂದು ರೂಢಿಯಲ್ಲಿರುವ ೨೦೧೬ರ ಸ್ಥಿರಾಸ್ತಿ ಅಧಿನಿಯಮದ ೧೪ನೆಯ ಕಲಮು ಸ್ವಾಧೀನ ಕೊಟ್ಟಂದಿನಿಂದ ಐದು ವರ್ಷದೊಳಗೆ ತಿಳಿಸಿದ ರಚನೆಯ ಮತ್ತು ಕೆಲಸದ ದೋಷಗಳನ್ನು ಮೂವತ್ತು ದಿನಗಳಲ್ಲಿ ಶುಲ್ಕವಿಲ್ಲದೆ ಸರಿಪಡಿಸಬೇಕೆಂದು ವಿಧಿಸಿರುವುದನ್ನು ಹಲವರು ಕೇಳಿದ್ದಾರೆ. ತಮ್ಮ ಮನೆಗೂ ಅದು ಅನ್ವಯಿಸುವುದೆಂದು ನಂಬಿದ್ದಾರೆ. ಅದು ಮನೆಗಳನ್ನು ಕಟ್ಟಿ ಮಾರುವ ಪ್ರವರ್ತಕರಿಗೆ ಸಂಬಂಧಿಸಿದ ವಿಧಿ. ಸ್ವಂತ ನಿವೇಶನದಲ್ಲಿ ಗುತ್ತಿಗೆ ಕೊಟ್ಟು ಕಟ್ಟಿಸುವವನು ಅದರ ಹೊರಗೆ ಉಳಿಯುತ್ತಾನೆ. ಅವನ ನೆರವಿಗೆ ಇರುವುದು ಗ್ರಾಹಕ ಸಂರಕ್ಷಣೆಯ ಕಾನೂನು. ೧೯೮೬ರ ಅಧಿನಿಯಮದ ‘ಸೇವೆ’ ಎಂಬ ಪದದಲ್ಲಿ ಗೃಹನಿರ್ಮಾಣವನ್ನು ೧೯೯೩ರ ತಿದ್ದುಪಡಿಯು ಸ್ಪಷ್ಟವಾಗಿ ಸೇರಿಸಿತು. ಅದೇ ವರ್ಷ ನವೆಂಬರಿನಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದು ಮೊದಲಿನಿಂದಲೂ ಸೇವೆಯೇ ಆಗಿತ್ತೆಂದು ತೀರ್ಮಾನಿಸಿತು. ಆ ಸ್ಥಾನಕ್ಕೆ ಬಂದ ೨೦೧೯ರ ಅಧಿನಿಯಮದಲ್ಲಿಯೂ ಈ ಮಾತು ಉಳಿದಿದೆ. ಜಿಲ್ಲಾ ಆಯೋಗಕ್ಕೆ ದೂರು ಕೊಡಲು, ದೂರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಅವಧಿ. ಕರಾರು ಮುರಿದುದಕ್ಕೆ ಸಿವಿಲ್ ದಾವೆ ಹೂಡಲು ೧೯೬೩ರ ಕಾಲಪರಿಮಿತಿ ಅಧಿನಿಯಮದಂತೆ ಮೂರು ವರ್ಷ. ಎರಡರಲ್ಲಿಯೂ ಮೊದಲು ಕೇಳುವುದು ಕಾಗದ: ಕರಾರುಪತ್ರ, ಹಣ ಸಂದ ಲೆಕ್ಕ, ದೋಷವನ್ನು ತಿಳಿಸಿ ತಿದ್ದಲು ಕಾಲ ಕೊಟ್ಟು ನೋಂದಾಯಿತ ಅಂಚೆಯಲ್ಲಿ ಕಳುಹಿಸಿದ ಪತ್ರ, ಎಂಜಿನಿಯರರ ವರದಿ. ಗುತ್ತಿಗೆದಾರನಿಗೆ ಮೊದಲು ತಿಳಿಸದೆ ಬೇರೊಬ್ಬರಿಂದ ರಿಪೇರಿ ಮಾಡಿಸಿದರೆ ದೋಷದೊಡನೆ ಸಾಕ್ಷ್ಯವೂ ಅಳಿಸಿಹೋಗುತ್ತದೆ.

ಕರಾರುಪತ್ರದಲ್ಲಿ ಕಂತುಗಳನ್ನು ಸಾಮಾನ್ಯವಾಗಿ ಪಾಯ, ಲಿಂಟಲ್, ತಾರಸಿ, ಗಾರೆ ಎಂಬ ಹಂತಗಳಿಗೆ ಕಟ್ಟುತ್ತಾರೆ. ‘ಹಂತ ಮುಗಿದಾಗ’ ಎಂಬುದರ ಬದಲು ‘ಹಂತವನ್ನು ಪರೀಕ್ಷಿಸಿ ಲಿಖಿತವಾಗಿ ಒಪ್ಪಿದಾಗ’ ಎಂದು ಬರೆಯಿಸಿದರೆ ಎರಡು ಸಾವಿರ ವರ್ಷದ ಅನುಭವವು ಎರಡು ಮಾತಿನಲ್ಲಿ ಬಂದಂತಾಗುತ್ತದೆ. ಕೊನೆಯ ಕಂತಿನ ವಿಷಯ ಇನ್ನೂ ಸೂಕ್ಷ್ಮ. ನಮ್ಮಲ್ಲಿ ಗೃಹಪ್ರವೇಶಕ್ಕೆ ಮಾಘ, ಫಾಲ್ಗುಣ, ವೈಶಾಖ ಮಾಸಗಳ ಮುಹೂರ್ತ ಪ್ರಶಸ್ತವೆಂದು ಹಿಡಿಯುತ್ತಾರೆ. ಆ ದಿನ ಮೇಸ್ತ್ರಿಗೂ ಕೆಲಸದವರಿಗೂ ಪಂಚೆ, ಸೀರೆ, ತಾಂಬೂಲ ಕೊಟ್ಟು ಬಾಕಿ ತೀರಿಸುವುದು ರೂಢಿ. ಪುಟಿಯೋಲಿಯ ಇಪ್ಪತ್ತು ಹಿರಿಯರ ಸ್ಥಾನದಲ್ಲಿ ಊಟಕ್ಕೆ ಬಂದ ಬಂಧುಮಿತ್ರರಿರುತ್ತಾರೆ. ಆದರೆ ಆ ತಾರಸಿಯ ಮೇಲೆ ಅಂದಿಗೆ ಒಂದು ಮಳೆಯೂ ಬಿದ್ದಿರುವುದಿಲ್ಲ, ಪಾಯದ ಸುತ್ತಲಿನ ಮಣ್ಣು ಒಮ್ಮೆಯೂ ನೆನೆದಿರುವುದಿಲ್ಲ. ಪಂಚೆ ತಾಂಬೂಲಗಳನ್ನು ಅಂದೇ ಕೊಡಬಹುದು. ಹಿಡಿದಿಟ್ಟ ಹಣಕ್ಕೆ ಮುಂದಿನ ಕಾರ್ತಿಕದ ಒಂದು ತಾರೀಖನ್ನು ಕರಾರಿನಲ್ಲಿಯೇ ಬರೆದಿಡತಕ್ಕದ್ದು.